ಕ್ರ್ಯಾಂಕ್ ಗ್ರೈಂಡಿಂಗ್ ಬಿಲ್ಲಿನಲ್ಲಿ ಅಳತೆ ಬರೆಯಿರಿ

ಮಾನ್ಯರೇ,

ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳಿರುವ ಬೆಳಗಾವಿಗೆ ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಲೆಕ್ಕ ಹೊಸದೇನಲ್ಲ. ಆದರೂ ಕಾರಿನ ಎಂಜಿನ್ ಬಿಚ್ಚಿ ಕಟ್ಟಿಸಿದವರ ಕೈಗೆ ಬರುವ ಬಿಲ್ಲಿನಲ್ಲಿ ಎಷ್ಟೋ ಸಲ ‘ಕ್ರ್ಯಾಂಕ್ ಗ್ರೈಂಡಿಂಗ್’ (ಎಂಜಿನ್ನಿನ ಕ್ರ್ಯಾಂಕ್ ಶಾಫ್ಟನ್ನು ಸಾಣೆ ಹಿಡಿಯುವ ಕೆಲಸ) ಎಂಬ ಒಂದೇ ಸಾಲು ಇರುತ್ತದೆ. ಎಷ್ಟು ತೆಗೆದರು, ಯಾವ ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ದುಂಡು ಭಾಗ) ಈಗ ಎಷ್ಟು ಮಿ.ಮೀ. ಇದೆ ಎಂಬ ಸುಳಿವಿಲ್ಲ. ಮುಂದೆ ಎಂಜಿನ್ ತಳದಲ್ಲಿ ಕಟಕಟ ಸಪ್ಪಳ ಶುರುವಾದಾಗ ಗ್ಯಾರೇಜಿನವರು ಗ್ರೈಂಡಿಂಗಿನವರತ್ತ, ಅವರು ಬೇರಿಂಗ್ ಮಾರಿದವರತ್ತ, ಅವರು ಆಯಿಲ್ ಕಡೆ ಬೊಟ್ಟು ಮಾಡುತ್ತಾರೆ.

ಅಳೆಯಲು ಹೆಚ್ಚು ಹೊತ್ತು ಬೇಡ. ಪ್ರತಿ ಜರ್ನಲ್ಲಿನ ಎರಡೂ ತುದಿಯಲ್ಲಿ ಮೈಕ್ರೋಮೀಟರ್ ಹಿಡಿದು ಒಂದಕ್ಕೊಂದು ಅಡ್ಡವಾಗಿ ಎರಡೆರಡು ಸಲ, ಒಟ್ಟು ನಾಲ್ಕು ಅಳತೆ. ಅದರಲ್ಲೇ ಓವಾಲಿಟಿ (ದುಂಡು ತಪ್ಪಿರುವುದು), ಟೇಪರ್ (ಒಂದು ತುದಿ ಸಣ್ಣಗಾಗಿರುವುದು) ಎರಡೂ ಗೊತ್ತಾಗುತ್ತವೆ. ಸಣ್ಣ ಕಾರುಗಳಲ್ಲಿ ಇವುಗಳ ಮಿತಿ ಸಾಮಾನ್ಯವಾಗಿ 0.01ರಿಂದ 0.03 ಮಿ.ಮೀ.; ಕೊನೆಯ ಮಾತು ಆಯಾ ಎಂಜಿನ್ನಿನ ಮ್ಯಾನುಯಲ್‌ನದು. 0.25 ಮಿ.ಮೀ. ತೆಗೆದಿದ್ದರೆ ಶೆಲ್ (ಅರ್ಧ ಬಳೆಯಂತಿರುವ ಬೇರಿಂಗ್ ತುಂಡು) ಬೆನ್ನ ಮೇಲೂ 0.25 ಎಂದೇ ಇರಬೇಕು. ಜರ್ನಲ್ ಮೂಲೆಯ ರೇಡಿಯಸ್ ಉಳಿಸದೆ ಚೂಪಾಗಿ ಕಡಿದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ನೈಟ್ರೈಡ್ ಮಾಡಿದ (ಮೇಲ್ಮೈ ಗಟ್ಟಿ ಮಾಡಿಸಿದ) ಕ್ರ್ಯಾಂಕ್ ಆದರೆ ಗ್ರೈಂಡಿಂಗ್‌ನಲ್ಲಿ ಗಟ್ಟಿ ಪದರ ಹೋಗಿಬಿಡಬಹುದು. ಅದನ್ನು ಮೊದಲೇ ವಿಚಾರಿಸಬೇಕು.

ಗ್ರೈಂಡಿಂಗ್ ಆದ ಮೇಲೆ ಆಯಿಲ್ ದಾರಿಯೊಳಗೆ ಕಲ್ಲಿನ ಪುಡಿ ಕೂತಿರುತ್ತದೆ. ಬರೀ ಗಾಳಿ ಹೊಡೆದರೆ ಸಾಲದು. ಪ್ಲಗ್ ಇದ್ದರೆ ಬಿಚ್ಚಿ, ಉದ್ದನೆಯ ಬ್ರಷ್ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಗಾಳಿ ಹೊಡೆಯಬೇಕು. ಹೊಸ ಬೇರಿಂಗ್ ಗೀರು ಬಿದ್ದು ಹಾಳಾಗುವುದು ಬಹಳ ಸಲ ಈ ಪುಡಿಯಿಂದಲೇ.

ಶೆಲ್ ಕೂಡಿಸುವಾಗ ಅದರ ಬೆನ್ನು, ಅದು ಕೂರುವ ಜಾಗ ಎರಡೂ ಒಣಗಿರಬೇಕು. ಎಣ್ಣೆ ಮುಖದ ಕಡೆ ಮಾತ್ರ. ಸಾಮಾನ್ಯವಾಗಿ ತೂತು, ಗ್ರೂವ್ ಇರುವ ಮೇನ್ ಶೆಲ್ ಬ್ಲಾಕ್ ಕಡೆಗೆ, ಸಾದಾ ಇರುವುದು ಕ್ಯಾಪ್ (ಬೋಲ್ಟ್ ಹಾಕಿ ಬಿಗಿಯುವ ಮುಚ್ಚಳ) ಕಡೆಗೆ. ಅದಲುಬದಲಾದರೆ ಆಯಿಲ್ ದಾರಿಯೇ ಬಂದ್. ಶೆಲ್ ತುದಿ ಕೂದಲೆಳೆಯಷ್ಟು ಮೇಲಿರುವುದು ತಯಾರಿಕೆಯ ದೋಷವಲ್ಲ, ಬಿಗಿದಾಗ ಅದು ಜಾಗದಲ್ಲಿ ಕಚ್ಚಿ ಕೂರಲೆಂದು. ಅದನ್ನು ಕಾನಸಿನಿಂದ ಉಜ್ಜುವವರಿದ್ದಾರೆ! ಸಡಿಲವಾಯಿತೆಂದು ಬೆನ್ನಿಗೆ ತಗಡಿನ ಚೂರು ಇಡುವುದೂ ಅಂಥದ್ದೇ: ಬಿಸಿ ಬ್ಲಾಕಿಗೆ ಇಳಿಯುವುದಿಲ್ಲ, ಶೆಲ್ ತಿರುಗಿಬಿಡುತ್ತದೆ.

ಕ್ಲಿಯರೆನ್ಸ್ (ಜರ್ನಲ್, ಶೆಲ್ ನಡುವಿನ ಸಂದು) ನೋಡಲು ಪ್ಲಾಸ್ಟಿಗೇಜ್ ಎಂಬ ಮೆತ್ತನೆಯ ಪ್ಲಾಸ್ಟಿಕ್ ಎಳೆ ಸಾಕು. ಎಣ್ಣೆ ಒರೆಸಿದ ಜರ್ನಲ್ ಮೇಲೆ ಎಳೆಯನ್ನು ಉದ್ದಕ್ಕೆ ಇಟ್ಟು, ಕ್ಯಾಪ್ ಪೂರ್ತಿ ಟಾರ್ಕಿಗೆ (ಮ್ಯಾನುಯಲ್ ಹೇಳಿದ ಬಿಗಿತಕ್ಕೆ) ಬಿಗಿದು, ಕ್ರ್ಯಾಂಕ್ ತಿರುಗಿಸದೆ ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಅದರ ಪಟ್ಟಿಗೆ ಹೋಲಿಸಬೇಕು. ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.02ರಿಂದ 0.05 ಮಿ.ಮೀ. ಒಳಗೆ ಬರುತ್ತದೆ. ಇದಕ್ಕಿಂತ ಬಿಗಿಯಾದರೆ ಬೇರಿಂಗ್ ಕಾದು ಹಿಡಿಯುತ್ತದೆ. ಸಡಿಲವಾದರೆ ಆಯಿಲ್ ಪ್ರೆಷರ್ ಇಳಿಯುತ್ತದೆ, ಅದೂ ವಿಜಯಪುರ, ಬಾಗಲಕೋಟೆ ಕಡೆಯ ಬ್ಯಾಸಿಗಿ ಟ್ರಾಫಿಕ್ಕಿನಲ್ಲಿ ಐಡಲಿಂಗ್‌ನಲ್ಲಿ ನಿಂತಾಗ ಮೊದಲು.

ಕ್ಯಾಪ್‌ಗಳನ್ನು ಬ್ಲಾಕ್ ಜೊತೆಗೇ ಬೋರ್ ಮಾಡಿರುತ್ತಾರೆ. ಆದ್ದರಿಂದ ನಂಬರ್ ತಪ್ಪಬಾರದು, ಬಾಣದ ಗುರುತಿದ್ದರೆ ದಿಕ್ಕೂ ತಪ್ಪಬಾರದು. ನಡುವಿನಿಂದ ಹೊರಕ್ಕೆ, ಎರಡು-ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಕೈ ಅಂದಾಜು ಇಲ್ಲಿ ನಡೆಯದು. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟ್‌ಗಳನ್ನು ಮತ್ತೆ ಬಳಸಬಹುದೋ ಇಲ್ಲವೋ ಮ್ಯಾನುಯಲ್‌ನಲ್ಲಿ ನೋಡಿ. ಬಹಳಷ್ಟಕ್ಕೆ ಹೊಸದೇ ಬೇಕು. ಪ್ರತಿ ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ಕೈಯಿಂದ ತಿರುಗಿಸಿ ನೋಡಿ. ಮೂರನೆಯದಕ್ಕೆ ಜಡವಾದರೆ ತಪ್ಪು ಮೂರನೆಯದರಲ್ಲಿದೆ. ಎಲ್ಲವನ್ನೂ ಬಿಗಿದ ಮೇಲೆ ಹುಡುಕುತ್ತ ಕೂರಬೇಕಿಲ್ಲ.

ಕ್ರ್ಯಾಂಕ್ ಹಿಂದೆ-ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರಿನ ಗ್ರೂವ್ ಇರುವ ಮುಖ ಕ್ರ್ಯಾಂಕ್ ವೆಬ್ (ಜರ್ನಲ್ ಪಕ್ಕದ ಗೋಡೆ) ಕಡೆಗಿರಲಿ. ತಿರುವಿ ಹಾಕಿದರೆ ಕ್ಲಚ್ ಒತ್ತಿದಾಗಲೆಲ್ಲ ಸವೆಯುತ್ತದೆ. ಕ್ರ್ಯಾಂಕನ್ನು ಹಿಂದೆ-ಮುಂದೆ ಸರಿಸಿ ಡಯಲ್ ಗೇಜಿನಲ್ಲಿ ಆಟ (ಎಂಡ್ ಪ್ಲೇ) ನೋಡಿ, 0.1ರಿಂದ 0.3 ಮಿ.ಮೀ. ಸಾಮಾನ್ಯ, ಹೆಚ್ಚಿದ್ದರೆ ದಪ್ಪ ವಾಷರ್. ಮೊದಲ ಸ್ಟಾರ್ಟಿಗೆ ಮುನ್ನ ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್, ಫ್ಯೂಯಲ್ ಎರಡನ್ನೂ ಬಂದ್ ಮಾಡಿ, ಆಯಿಲ್ ಲೈಟ್ ಆರುವವರೆಗೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆಯಬೇಕು.

ಗ್ರೈಂಡಿಂಗ್ ಅಂಗಡಿಯವರಲ್ಲಿ ನಮ್ಮ ಕೋರಿಕೆ ಇಷ್ಟೇ: ಪ್ರತಿ ಮೇನ್ ಜರ್ನಲ್, ಪ್ರತಿ ಬಿಗ್ ಎಂಡ್ ಪಿನ್ನಿನ (ಕನೆಕ್ಟಿಂಗ್ ರಾಡ್ ಕೂರುವ ಜರ್ನಲ್) ಅಳತೆಯನ್ನು ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿ. ಗ್ಯಾರೇಜಿನವರು ಅದರ ಕೆಳಗೆ ಕ್ಲಿಯರೆನ್ಸ್, ಎಂಡ್ ಪ್ಲೇ, ಟಾರ್ಕ್ ಬರೆಯಲಿ. ಗಾಡಿ ಮಾಲೀಕರು ಆ ಕಾಗದ ಕೈಗೆ ಬಂದ ಮೇಲೆ ಬಾಕಿ ಹಣ ಕೊಡಲಿ.

– ಎಂಜಿನ್ ಕೆಲಸದವರು, ಬೆಳಗಾವಿ