ಹತ್ತನೇ ತರಗತಿ ಭೂಗೋಳ: ನಕ್ಷೆಯ ಕಡೆ ಗಮನ ಕೊಡಿ

ಮಕ್ಕಳೇ, ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ನೋಡಿ ಮುಗಿಸಿದೆ. ಬರೆಯುವ ಪ್ರಶ್ನೆಗಳ ಬಗ್ಗೆ ಚಿಂತೆಯಿಲ್ಲ. ಅಂಕ ಸೋರಿಹೋಗಿರುವುದು ಭಾರತದ ನಕ್ಷೆಯಲ್ಲಿ. ಒಬ್ಬರಂತೂ ನರ್ಮದೆಯನ್ನು ಬಂಗಾಳ ಕೊಲ್ಲಿಗೆ ಹರಿಸಿದ್ದಾರೆ! ನರ್ಮದಾ, ತಾಪಿ ಎರಡೂ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರದ ಕಡೆ ಹೋಗುತ್ತವೆ. ಹಿರಾಕುಡ್ ಅಣೆಕಟ್ಟು ಇರುವುದು ಒಡಿಶಾದ ಮಹಾನದಿಗೆ, ಭಾಕ್ರಾ ಅಣೆಕಟ್ಟು ಸಟ್ಲೆಜ್‌ ನದಿಗೆ. ಇವನ್ನು ಅದಲುಬದಲು ಮಾಡಿದವರು ಆರು ಮಂದಿ, ಹೆಸರು ಹೇಳುವುದಿಲ್ಲ.

ದಿನಕ್ಕೊಂದು ಖಾಲಿ ನಕ್ಷೆ ತುಂಬಿದರೆ ಸಾಕು. ಮೊದಲು 23°30' ಉತ್ತರ ಅಕ್ಷಾಂಶದ ಕರ್ಕಾಟಕ ಸಂಕ್ರಾಂತಿ ವೃತ್ತ ಎಳೆಯಿರಿ: ಗುಜರಾತಿನಿಂದ ಮಿಜೋರಾಂವರೆಗೆ ಎಂಟು ರಾಜ್ಯಗಳು. ಆಮೇಲೆ ಭಾರತದ ಪ್ರಮಾಣ ವೇಳೆಗೆ ಆಧಾರವಾದ 82°30' ಪೂರ್ವ ರೇಖಾಂಶ. ಎರಡೂ ಸಂಧಿಸುವುದು ಛತ್ತೀಸ್‌ಗಢದಲ್ಲಿ. ಈ ಗೆರೆಗಳು ಸರಿಯಾಗಿ ಬಿದ್ದರೆ ಊರು, ನದಿಗಳ ಜಾಗ ತಾನಾಗಿಯೇ ಹೊಳೆಯುತ್ತದೆ.

ಮಣ್ಣಿನ ಪಾಠದಲ್ಲಿ ‘ಕಪ್ಪು ಮಣ್ಣು ಹತ್ತಿಗೆ ಒಳ್ಳೆಯದು’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಅದು ಬಸಾಲ್ಟ್ ಶಿಲೆ ಶಿಥಿಲಗೊಂಡು ಆದದ್ದು, ತೇವವನ್ನು ಬಹಳ ದಿನ ಹಿಡಿದಿಡುತ್ತದೆ ಎಂಬ ಕಾರಣವನ್ನೂ ಸೇರಿಸಿ.

ನಾಳೆ ಎಲ್ಲರೂ ಎರಡು ಖಾಲಿ ನಕ್ಷೆ, ಚೂಪು ಮಾಡಿದ ಪೆನ್ಸಿಲ್, ರಬ್ಬರ್ ತನ್ನಿ. ಪೆನ್ನಿನಲ್ಲಿ ನದಿ ಎಳೆಯುವವರು ರಬ್ಬರ್ ತರುವ ಅಗತ್ಯವಿಲ್ಲ. ರಾತ್ರಿ ಒಂಬತ್ತರ ನಂತರ ಇಲ್ಲಿ ಪ್ರಶ್ನೆ ಹಾಕಬೇಡಿ, ಮಲಗಿ.