ಬಿದ್ರಿ ಅಂಗಡಿಯ ಬೆಂಕಿ ಕ್ಲೇಮು: ಸರ್ವೇಯರ್ ಲೆಕ್ಕದ ವಿರುದ್ಧ ದೂರು

ಬೀದರ್
8 ಸೆಪ್ಟೆಂಬರ್ 2025

ಇವರಿಗೆ,
ಕುಂದುಕೊರತೆ ನಿವಾರಣಾಧಿಕಾರಿಗಳು,
ವಿಮಾ ಕಂಪನಿಯ ವಲಯ ಕಚೇರಿ, ಬೆಂಗಳೂರು

ವಿಷಯ: ಬೆಂಕಿ ಅನಾಹುತದ ಕ್ಲೇಮನ್ನು 47,027 ರೂಪಾಯಿಗೆ ಇಳಿಸಿದ ಬಗ್ಗೆ. ಪಾಲಿಸಿ ಮತ್ತು ಕ್ಲೇಮು ಸಂಖ್ಯೆ ಲಗತ್ತಿಸಿದ ಪ್ರತಿಯಲ್ಲಿವೆ.

ಮಾನ್ಯರೇ,

ಬೀದರಿನ ಹಳೇ ಊರಿನಲ್ಲಿ, ಚೌಬಾರದಿಂದ ಕೂಗಳತೆ ದೂರದಲ್ಲಿ, ನನ್ನ ಬಿದ್ರಿ ಅಂಗಡಿ ಇದೆ. ಮುಂದೆ ಶೋಕೇಸು, ಹಿಂದೆ ಕಾರ್ಖಾನೆ. ಕಾರ್ಖಾನೆ ಅಂದರೆ ನಾಲ್ಕು ಜನ ನೆಲದ ಮೇಲೆ ಕೂತು ಉಳಿ ಹಿಡಿಯುವಷ್ಟು ಜಾಗ, ಅಷ್ಟೇ. ಜೂನ್ 21ರ ಶನಿವಾರ ರಾತ್ರಿ ಮಳೆಯಲ್ಲಿ ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಹನ್ನೊಂದೂವರೆಗೆ ಆ ಹಿಂದಿನ ಕೋಣೆಗೆ ಬೆಂಕಿ ಹತ್ತಿತು. ಶಾರ್ಟ್ ಸರ್ಕಿಟ್ ಎಂದು ಅಗ್ನಿಶಾಮಕ ಠಾಣೆಯವರು ಬರೆದುಕೊಟ್ಟಿದ್ದಾರೆ. ಆ ವಿಷಯದಲ್ಲಿ ನಿಮಗೂ ತಕರಾರಿಲ್ಲ.

ನಾನು ಕೇಳಿದ್ದು 2,93,440 ರೂಪಾಯಿ. ಆಗಸ್ಟ್ 29ರ ಪತ್ರದಲ್ಲಿ ನೀವು 47,027 ರೂಪಾಯಿ ಮಂಜೂರು ಮಾಡಿ, 'ಪೂರ್ಣ ಮತ್ತು ಅಂತಿಮ' ಎಂದು ಅಚ್ಚಾದ ವೋಚರನ್ನು ಜೊತೆಗಿಟ್ಟು ಸಹಿ ಕೇಳಿದ್ದೀರಿ. ಸಹಿ ಹಾಕಿಲ್ಲ. ಯಾಕೆಂದು ಲೆಕ್ಕ ಸಮೇತ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ಹಿಂದೊಮ್ಮೆ ನಮ್ಮ ಪಕ್ಕದ ಓಣಿಯ ಬಟ್ಟೆ ಅಂಗಡಿಗೆ ಮಳೆನೀರು ನುಗ್ಗಿದಾಗ ಅವರು ಮರುದಿನವೇ ಕೆಸರು ಬಳಿದು, ಹಾಳಾದ ಥಾನುಗಳನ್ನು ಎಸೆದು, ಅಂಗಡಿ ಚೊಕ್ಕ ಮಾಡಿ ಕೂತಿದ್ದರು. ನಷ್ಟ ಅಂದಾಜು ಮಾಡುವ ವಿಮೆಯ ಸರ್ವೇಯರ್ ಬಂದಾಗ ತೋರಿಸಲು ಏನೂ ಉಳಿದಿರಲಿಲ್ಲ. ಅದು ತಲೆಯಲ್ಲಿದ್ದುದರಿಂದ ನಾನು ಒಂದು ಚೂರನ್ನೂ ಕದಲಿಸಲಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೇ ನಿಮ್ಮ ಸಹಾಯವಾಣಿಗೆ ಫೋನು ಮಾಡಿ ಕ್ಲೇಮು ನಂಬರು ಬರೆದುಕೊಂಡೆ, ಅದನ್ನೇ ಇಮೇಲಿನಲ್ಲೂ ಹಾಕಿದೆ. ಬಾಗಿಲಿನಿಂದ ಶುರು ಮಾಡಿ ಮೂಲೆ ಮೂಲೆಯನ್ನೂ ಮೊಬೈಲಿನಲ್ಲಿ ವಿಡಿಯೋ ತೆಗೆದೆ. ಪೊಲೀಸ್ ಠಾಣೆಗೆ ತಿಳಿಸಿ ಪಂಚನಾಮೆ ಮಾಡಿಸಿದೆ. ಸರ್ವೇಯರ್ ನೋಡಿಹೋದ ಮೇಲಷ್ಟೇ ಕರಗಿದ ಮಾಲನ್ನು ಚೀಲಕ್ಕೆ ತುಂಬಿ, ಇಬ್ಬರು ನೆರೆಯವರ ಎದುರು ತೂಗಿಸಿದೆ. 159 ನಗ (ಬಿಡಿ ವಸ್ತು), 96 ಕಿಲೋ. ಗುಜರಿಯವನು ಕಿಲೋಗೆ 110 ಹೇಳಿದ್ದನ್ನು ಅವನ ಚೀಟಿ ಸಮೇತ ನಿಮಗೆ ಕಳಿಸಿ, ಆ 10,560 ರೂಪಾಯಿಯನ್ನು ನಾನೇ ನನ್ನ ಕ್ಲೇಮಿನಿಂದ ಕಳೆದಿದ್ದೇನೆ.

ನಿಮ್ಮ ಸರ್ವೇಯರ್ ಜೂನ್ 28ಕ್ಕೆ ಬಂದರು. ಒಳ್ಳೆಯ ಮನುಷ್ಯರೇ, ಚಹಾ ಕುಡಿದರು, ಮಾತಾಡಿದರು. ಆದರೆ ಅವರು ಕೆಳಗೆ ಬಿದ್ದಿದ್ದ ಒಂದು ಸುರಾಹಿಯನ್ನು, ಅಂದರೆ ಉದ್ದ ಕತ್ತಿನ ಹೂಜಿಯನ್ನು, ಎತ್ತಿ ಪೆನ್ನಿನಿಂದ ಟಣ್ ಟಣ್ ಅನಿಸಿ, "ಇದರಾಗ ಏನದರೀ, ಜಸ್ತ ಅದ" (ಜಸ್ತ ಅಂದರೆ ಸತು) ಅಂದಾಗಲೇ ನನ್ನ ಎದೆ ಧಸಕ್ಕೆಂದಿತ್ತು. ಅದರ ಕತ್ತು ಮೇಣದಬತ್ತಿಯ ಹಾಗೆ ಬಾಗಿ ಹೊಟ್ಟೆಗೆ ಅಂಟಿಕೊಂಡಿತ್ತು. ಹೊಟ್ಟೆಯ ಮೇಲಿದ್ದ ದ್ರಾಕ್ಷಿ ಬಳ್ಳಿಯಲ್ಲಿ ಎರಡೇ ಎಲೆ ಉಳಿದಿದ್ದವು. ಆ ಬಳ್ಳಿ ಕೊರೆಯಲು ನಮ್ಮ ಉಸ್ತಾದ್ ಚಾಚಾಗೆ ಐದು ದಿನ ಹಿಡಿದಿತ್ತು. ಅವರಿಗೆ ಎಪ್ಪತ್ತು ದಾಟಿದೆ, ಒಂದು ಕಣ್ಣು ಮಂಜು. ವರದಿಯಲ್ಲಿ ಆ ಸುರಾಹಿ 'ಸತು ಲೋಹ, 1.1 ಕಿಲೋ' ಎಂದಾಗಿದೆ.

ಬಿದ್ರಿ ಅಂದರೆ ಏನೆಂದು ನಿಮ್ಮ ಕಡತದಲ್ಲಿ ಇಲ್ಲದಿದ್ದರೆ ಈಗಲಾದರೂ ಇರಲಿ. ಹೆಚ್ಚು ಪಾಲು ಸತು, ಅದಕ್ಕೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ಯುತ್ತೇವೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಂಡು, ಮೇಲೆ ಕೈಯಿಂದಲೇ ಚಿತ್ರ ಗೀರುತ್ತೇವೆ. ಗೀರಿದ್ದನ್ನು ಉಳಿಯಿಂದ ಕೊರೆದು, ಆ ಕಾಲುವೆಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತೇವೆ. ಕೊನೆಗೆ ಕಾಯಿಸಿ, ಕೋಟೆಯ ಮಣ್ಣಿಗೆ ನವಸಾಗರ ಕಲಸಿ ತಿಕ್ಕಿದರೆ ಮೈಯೆಲ್ಲ ಕಾಡಿಗೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಬಹಮನಿ ಕಾಲದಿಂದ ಈ ಊರಲ್ಲಿ ನಡೆದುಬಂದ ಕೆಲಸ, ಭೌಗೋಳಿಕ ಗುರುತೂ ಸಿಕ್ಕಿದೆ. ಇದರ ಬೆಲೆ ಲೋಹದಲ್ಲಿಲ್ಲ, ಕೂಲಿಯಲ್ಲಿದೆ. (ಎರಡು ಚೀಲ ಕೋಟೆ ಮಣ್ಣು ಹೋಸ್ ಪೈಪಿನ ನೀರಿಗೆ ರಾಡಿಯಾಯಿತು. ಸರ್ವೇಯರ್ ಅದರ ಎದುರು 'ಬೆಲೆ ಇಲ್ಲ' ಎಂದು ಬರೆದಿದ್ದಾರೆ. ಮಣ್ಣಿಗೆ ನಾನೂ ಕೇಳಿರಲಿಲ್ಲ.)

ಪಾಲಿಸಿ ಮಾಡಿಸುವಾಗ ನಿಮ್ಮ ಏಜೆಂಟರು ಅಂಗಡಿಗೆ ಬಂದು ಶೋಕೇಸಿನ ಫೋಟೋ ತೆಗೆದುಕೊಂಡು, ಅರ್ಜಿಯಲ್ಲಿ 'ಬಿದ್ರಿ ಹಸ್ತಕಲಾ ವಸ್ತುಗಳ ದಾಸ್ತಾನು, 5,00,000' ಎಂದು ತಾವೇ ತುಂಬಿದ್ದಾರೆ. 'ಸತು ಗುಜರಿ' ಎಂದು ತುಂಬಿಲ್ಲ. ಪ್ರೀಮಿಯಂ ಕಟ್ಟಿಸಿಕೊಂಡಿದ್ದೂ ಐದು ಲಕ್ಷಕ್ಕೇ.

ಈಗ ಲೆಕ್ಕ. ತಯಾರಾದ 118 ನಗಗಳಿಗೆ ನನಗೆ ಬಿದ್ದ ಖರ್ಚು, ಅಂದರೆ ಲೋಹ, ಬೆಳ್ಳಿ, ಕೂಲಿ ಸೇರಿ, 2,50,000. ಅರ್ಧಕ್ಕೆ ನಿಂತ 41 ನಗಗಳಿಗೆ 54,000. ಲಾಭದ ಒಂದು ಪೈಸೆಯನ್ನೂ ನಾನು ಸೇರಿಸಿಲ್ಲ. ಬೆಂಕಿ ವಿಮೆ ಕಟ್ಟಿಕೊಡುವುದು ನಷ್ಟವನ್ನು, ಲಾಭವನ್ನಲ್ಲ ಎಂಬುದು ಗೊತ್ತಿದೆ. ಸರ್ವೇಯರ್ ಹಾಕಿದ್ದು: ಲೋಹ 96 ಕಿಲೋಗೆ 24,000. ಕೂಲಿಗೆ 'ಸರಿಯಾದ ದಾಖಲೆ ಇಲ್ಲ' ಎಂದು ಅಂದಾಜಿನಲ್ಲಿ 60,000. ಬೆಳ್ಳಿಗೆ ಸೊನ್ನೆ.

ಬೆಳ್ಳಿಗೆ ಸೊನ್ನೆ ಯಾಕೆಂದರೆ 'ಬೆಳ್ಳಿ ಸುಡುವುದಿಲ್ಲ, ಮರಳಿ ಪಡೆಯಬಹುದು' ಎಂಬ ಒಂದು ಸಾಲು. ಬೆಳ್ಳಿ ಕರಗಲು 960 ಡಿಗ್ರಿ ದಾಟಬೇಕು ಎಂಬುದು ನಿಜ. ಸತು 420ರ ಸುತ್ತಮುತ್ತಲೇ ಕರಗುತ್ತದೆ ಎಂಬುದೂ ನಿಜ. ಆದರೆ ಕರಗಿದ ಸತು ಬೆಳ್ಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಸೀಸದಿಂದ ಬೆಳ್ಳಿ ಬೇರ್ಪಡಿಸಲು ಕಾರ್ಖಾನೆಗಳಲ್ಲಿ ಸತುವನ್ನು ಬಳಸುವುದೇ ಈ ಗುಣಕ್ಕಾಗಿ. ದಾರದಷ್ಟು ತೆಳ್ಳಗಿನ ತಂತಿ, ಒಂದು ನಗಕ್ಕೆ ಐದಾರು ಗ್ರಾಂ. ಅದು 96 ಕಿಲೋ ಗಟ್ಟಿಯೊಳಗೆ ಎಲ್ಲಿ ಸೇರಿದೆಯೋ ದೇವರೇ ಬಲ್ಲ. ಎರಡು ಗಟ್ಟಿ ಒಯ್ದು ಇಬ್ಬರು ಅಕ್ಕಸಾಲಿಗರಿಗೆ ತೋರಿಸಿದೆ. ಇಬ್ಬರೂ ಕೈ ಅಲ್ಲಾಡಿಸಿದರು. ಅವರಲ್ಲಿ ಒಬ್ಬರು ಅಂದ ಮಾತು: "ಇದರಾಗಿನ ಬೆಳ್ಳಿ ತೆಗಿಲಿಕ್ಕ ಆಗೋ ಖರ್ಚಿನಾಗ ಹೊಸ ಬೆಳ್ಳಿ ಬರ್ತದ." ಇಬ್ಬರ ಲಿಖಿತ ಅಭಿಪ್ರಾಯವನ್ನೂ ಲಗತ್ತಿಸಿದ್ದೇನೆ.

ಕೂಲಿಗೆ ದಾಖಲೆ ಇಲ್ಲ ಎಂಬುದನ್ನು ಒಪ್ಪಲಾರೆ. ಕೂಲಿ ಪುಸ್ತಕ ಗಲ್ಲಾದಲ್ಲಿತ್ತು. ಮೂರು ಅಂಚು ಸುಟ್ಟು ಕರಕಲಾದರೂ ನಡುವಿನ ಬರಹ ಚೆನ್ನಾಗಿಯೇ ಓದಲು ಬರುತ್ತದೆ. ಎಡಕ್ಕೆ ನಮ್ಮವ್ವನ ಕನ್ನಡ ಅಕ್ಷರ, ಬಲಕ್ಕೆ ಚಾಚಾ ಅವರ ಉರ್ದು ಸಹಿ. ಸರ್ವೇಯರ್ ನಾಲ್ಕು ಪುಟ ತಿರುವಿ, ಉರ್ದು ಬರುವುದಿಲ್ಲವೆಂದು ಬದಿಗಿಟ್ಟರು. ಹೋಗಲಿ, ಅಂಕಿಯಾದರೂ ಕನ್ನಡದಲ್ಲಿತ್ತಲ್ಲ! ಪ್ರತಿ ಶನಿವಾರದ ಬಟವಾಡೆಯಲ್ಲಿ ಇಬ್ಬರಿಗೆ ಫೋನ್‌ಪೇ ಮಾಡುತ್ತೇನೆ. ಆ ಹದಿನಾಲ್ಕು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು ಜುಲೈ 4ರಂದೇ ನಿಮ್ಮ ಕಚೇರಿ ಸೇರಿದೆ. ಅದರ ಸುದ್ದಿಯೇ ವರದಿಯಲ್ಲಿಲ್ಲ.

ನಿಜವಾದ ತಕರಾರು ಇನ್ನು ಮುಂದಿದೆ. 84,000ದಿಂದ ಗುಜರಿ ಬೆಲೆಯೆಂದು 14,400 ಕಳೆದು 69,600 ಮಾಡಿದರು. ಅದಕ್ಕೆ ಮತ್ತೆ ಕತ್ತರಿ: 'ಅಂಗಡಿಯಲ್ಲಿದ್ದ ಮಾಲಿನ ಒಟ್ಟು ಮೌಲ್ಯ 7,40,000, ವಿಮೆ ಮಾತ್ರ 5,00,000, ಆದ್ದರಿಂದ ಕಡಿಮೆ ವಿಮೆ' ಎಂದು ಅದೇ ಪ್ರಮಾಣದಲ್ಲಿ ಇಳಿಸಿ 47,027ಕ್ಕೆ ತಂದರು. ಈ 7,40,000 ಎಲ್ಲಿಂದ ಬಂತು ಎಂದು ಹುಡುಕಿದರೆ, ಶೋಕೇಸಿನಲ್ಲಿ ಉಳಿದ ನಗಗಳ ಮೇಲಿನ ಬೆಲೆಚೀಟಿಗಳಿಂದ! ಅಂದರೆ ನನಗೆ ಕೊಡಬೇಕಾದ ನಷ್ಟವನ್ನು ತೂಗುವಾಗ ನನ್ನ ಸುರಾಹಿ ಜಸ್ತದ ಗಟ್ಟಿ. ನನ್ನ ವಿಮೆ ಸಾಲದು ಎಂದು ತೋರಿಸುವಾಗ ಅದೇ ಸುರಾಹಿ ಗಿರಾಕಿಗೆ ಮಾರುವ ಬೆಲೆಯ ಕಲಾಕೃತಿ. ಕೊಡೋದಕ್ಕೊಂದು ಸೇರು, ತಗೊಳ್ಳೋದಕ್ಕೊಂದು ಸೇರು ಇಟ್ಟುಕೊಂಡ ಸಾವಕಾರನನ್ನು ನಮ್ಮ ಕಡೆ ಏನಂತಾರೆ ಎಂಬುದನ್ನು ಪತ್ರದಲ್ಲಿ ಬರೆಯಲು ಬರುವುದಿಲ್ಲ.

ಯಾವ ಅಳತೆ ಬೇಕೋ ನೀವೇ ಆರಿಸಿಕೊಳ್ಳಿ, ಎರಡೂ ಕಡೆ ಅದೇ ಇರಲಿ. ತಯಾರಿಕೆ ಖರ್ಚಿನಲ್ಲಿ ತೂಗಿದರೆ ಆ ದಿನ ಅಂಗಡಿಯಲ್ಲಿದ್ದ ಒಟ್ಟು ಮಾಲು 4,42,000. ವಿಮೆ ಐದು ಲಕ್ಷಕ್ಕಿದೆ, ಕಡಿತದ ಪ್ರಶ್ನೆಯೇ ಏಳುವುದಿಲ್ಲ, ನನಗೆ ಬರಬೇಕಾದದ್ದು 2,93,440. ಮಾರುವ ಬೆಲೆಯಲ್ಲೇ ತೂಗುತ್ತೀರೋ, ಆಗ ಸುಟ್ಟ ಮಾಲು 5,30,000 ಆಗುತ್ತದೆ. ನಿಮ್ಮದೇ ಗುಜರಿ ಬೆಲೆ 14,400 ಕಳೆದು, ನಿಮ್ಮ ಕತ್ತರಿಯನ್ನೂ ಆಡಿಸಿದ ಮೇಲೆ 3,48,000ದಷ್ಟು ಉಳಿಯುತ್ತದೆ, ನಾನು ಕೇಳಿದ್ದಕ್ಕಿಂತ ಜಾಸ್ತಿ. ಇಲ್ಲ, ಗುಜರಿ ಲೆಕ್ಕವೇ ಸರಿ ಎನ್ನುವುದಾದರೆ ನನ್ನ ಅಂಗಡಿಯ ಇಡೀ ಮಾಲು ಎರಡು ಲಕ್ಷ ಮುಟ್ಟುವುದಿಲ್ಲ, ಐದು ಲಕ್ಷದ ವಿಮೆ ಕಡಿಮೆ ಆಗುವುದು ಹೇಗೆ? ಆಗಲೂ 69,600 ಪೂರ್ತಿ ಕೊಡಬೇಕು. ಮೂರರಲ್ಲಿ ಯಾವ ದಾರಿಯಲ್ಲಿ ಹೋದರೂ 47,027 ಸಿಗುವುದಿಲ್ಲ. ನನ್ನದು 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಪಠ್ಯದಲ್ಲಿ ಕೊಡಬೇಕಾದ ಪಾಲಿಸಿ ಇದು. ಸಣ್ಣವರಿಗೆ ಅನುಕೂಲವಾಗಲೆಂದೇ ಶೇ. 15ರವರೆಗಿನ ಕಡಿಮೆ ವಿಮೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅದರಲ್ಲಿದೆ. ಅಂಥ ಪಾಲಿಸಿಯಲ್ಲಿ ಬೆಲೆಚೀಟಿ ನೋಡಿ ಕತ್ತರಿ ಆಡಿಸಿದ್ದೀರಿ.

ತಡದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಷ್ಟ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ಸುತ್ತೋಲೆ ಹೇಳುತ್ತದೆ. ನನಗೆ ಸರ್ವೇಯರ್ ಫೋನು ಬಂದದ್ದು ನಾಲ್ಕು ದಿನದ ಮೇಲೆ, ಜೂನ್ 26ಕ್ಕೆ. ವರದಿಗೆ ಆಗಸ್ಟ್ 14ರ ತಾರೀಕು ಇದೆ. ಅದರ ಪ್ರತಿಯನ್ನು ಎರಡು ಸಲ ಬರೆದು ಕೇಳಿದ ಮೇಲೆ ಕಳಿಸಿದಿರಿ. ನಡುವೆ ಜಿಎಸ್‌ಟಿ ರಿಟರ್ನ್ ತನ್ನಿ ಎಂದು ಮೂರು ವಾರ ಸತಾಯಿಸಿದಿರಿ. ವರ್ಷಕ್ಕೆ 40 ಲಕ್ಷದ ಒಳಗಿನ ಸರಕು ವ್ಯಾಪಾರಕ್ಕೆ ನೋಂದಣಿಯೇ ಬೇಕಿಲ್ಲ, ನನ್ನದು ಅದರ ಕಾಲು ಭಾಗವೂ ಇಲ್ಲ. ಇಲ್ಲದ ಕಾಗದ ಎಲ್ಲಿಂದ ತರಲಿ?

ಪಾಲಿಸಿಯಲ್ಲಿ ನನಗೆ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇರುವುದರಿಂದ ನೀವು ಕೊಡುವ ಹಣ ಮೊದಲು ಸಾಲದ ಖಾತೆಗೇ ಹೋಗುತ್ತದೆ, ನನ್ನ ಕೈಗಲ್ಲ. ಜುಲೈ, ಆಗಸ್ಟ್ ಎರಡೂ ತಿಂಗಳ ಬಡ್ಡಿಯನ್ನು ಮನೆಯವರ ಸರ ಒತ್ತೆಯಿಟ್ಟು ಕಟ್ಟಿದ್ದೇನೆ. ನಾಲ್ವರಲ್ಲಿ ಇಬ್ಬರು ಹುಡುಗರು ಹುಮನಾಬಾದಿಗೆ ಬೇರೆ ಕೆಲಸಕ್ಕೆ ಹೋದರು. ಚಾಚಾ ಮಾತ್ರ ದಿನಾ ಬಂದು ಮುಂದಿನ ಕಟ್ಟೆಯ ಮೇಲೆ ಕೂತು, ಉಳಿದ ಉಳಿಗಳನ್ನು ಮಸೆದು ಹೋಗುತ್ತಾರೆ.

ಆದ್ದರಿಂದ ಕೇಳುವುದಿಷ್ಟು. ತಯಾರಿಕೆ ಖರ್ಚಿನ ಆಧಾರದಲ್ಲಿ ಲೆಕ್ಕ ತಿದ್ದಿ 2,93,440 ರೂಪಾಯಿಯನ್ನು, ನಿಯಮದ ಪ್ರಕಾರ ತಡಕ್ಕೆ ಬ್ಯಾಂಕ್ ದರದ ಮೇಲೆ ಶೇ. 2ರ ಬಡ್ಡಿ ಸೇರಿಸಿ ಕೊಡಿ. ಅಲ್ಲಿಯತನಕ, ನೀವೇ ಒಪ್ಪಿರುವ 47,027ನ್ನು ತಡೆಹಿಡಿಯದೆ ಬ್ಯಾಂಕಿಗೆ ಹಾಕಿ. ಅದಕ್ಕೆ ರಸೀದಿ ಬೇಕಿದ್ದರೆ 'ತಕರಾರು ಕಾಯ್ದಿರಿಸಿ' ಎಂದು ಬರೆದು ಸಹಿ ಮಾಡಿಕೊಡುತ್ತೇನೆ. ವೋಚರಿಗೆ ಸಹಿ ಹಾಕಿಸಿಕೊಂಡು ಪಾಲಿಸಿದಾರನ ಮುಂದಿನ ಹಕ್ಕು ಕಸಿಯಬಾರದೆಂದು ಪ್ರಾಧಿಕಾರ 2015ರಲ್ಲೇ ಕಂಪನಿಗಳಿಗೆ ಹೇಳಿದೆ. ನಾನು ಕೂಡಿಸಿದ ಅಂಕಿಯಲ್ಲಿ ತಪ್ಪು ಕಂಡರೆ ಯಾವ ಸಾಲು, ಎಷ್ಟು ಎಂದು ಬರೆದು ತಿಳಿಸಿ. 'ಸರ್ವೇಯರ್ ವರದಿಯಂತೆ' ಎಂಬ ಒಂದು ಸಾಲಿನ ಉತ್ತರ ಬೇಡ.

ಈ ದೂರಿಗೆ ಉತ್ತರಿಸಲು ನಿಮಗೆ 14 ದಿನವಿದೆ. ಇದೇ ಪತ್ರವನ್ನು ಇಂದು ಪ್ರಾಧಿಕಾರದ ದೂರು ಜಾಲತಾಣವಾದ ಬಿಮಾ ಭರೋಸಾ ಪೋರ್ಟಲ್‌ಗೂ ಹಾಕಿದ್ದೇನೆ. ಒಂದು ತಿಂಗಳಲ್ಲಿ ಬಗೆಹರಿಯದಿದ್ದರೆ ವಿಮೆ ತಕರಾರು ತೀರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಅಲ್ಲಿ 50 ಲಕ್ಷದವರೆಗಿನ ತಕರಾರಿಗೆ ಫೀಸಿಲ್ಲ, ವಕೀಲರೂ ಬೇಕಿಲ್ಲ.

ಕರಗಿದ ಮಾಲಿನ ಮೂರು ಚೀಲಗಳನ್ನು ನಾನಿನ್ನೂ ಮಾರಿಲ್ಲ. ನೆರೆಯವರ ಎದುರು ಬಾಯಿ ಹೊಲಿಸಿದ್ದು ಹಾಗೇ ಇದೆ, ಆ ಸುರಾಹಿ ಮೊದಲನೇ ಚೀಲದಲ್ಲಿ ಮೇಲೆಯೇ ಸಿಗುತ್ತದೆ. ಮತ್ತೊಮ್ಮೆ ನೋಡಬೇಕೆಂದಿದ್ದರೆ ಯಾರನ್ನಾದರೂ ಕಳಿಸಿ. ಬರುವ ಹಿಂದಿನ ದಿನ ಒಂದು ಫೋನು ಮಾಡಿದರೆ ಸಾಕು.

ಇಂತಿ,
ನಿಮ್ಮ ಪಾಲಿಸಿದಾರ,
ಬಿದ್ರಿ ಕುಶಲಕರ್ಮಿ, ಬೀದರ್