ಚಾಪ್ಲಿನ್ ಆಯ್ತು, ಇನ್ನು ಕೀಟನ್‌ನನ್ನು ನೋಡು

ಗೆಳೆಯಾ,

ಮೂಕಿ ಸಿನಿಮಾದಲ್ಲಿ ನಗಿಸಿದವನು ಅಂದ್ರೆ ಚಾಪ್ಲಿನ್ ಒಬ್ಬನೇ ಅಂತ ಮೊನ್ನೆ ಅಂದೆಯಲ್ಲ, ಆ ಮಾತು ತಲೆಯಿಂದ ಹೋಗಲೇ ಇಲ್ಲ. ನನಗೋಸ್ಕರ ಒಮ್ಮೆ ಬಸ್ಟರ್ ಕೀಟನ್‌ನನ್ನು ನೋಡು.

ಅವನು ಹುಟ್ಟಿದ್ದು 1895ರಲ್ಲಿ, ಅಮೆರಿಕದ ಕಾನ್ಸಾಸ್‌ನಲ್ಲಿ. ಅಪ್ಪ ಅಮ್ಮ ಊರೂರು ತಿರುಗಿ ಪ್ರದರ್ಶನ ಕೊಡುತ್ತಿದ್ದ ಕಲಾವಿದರು. ಪುಟ್ಟ ಮಗನನ್ನು ಅಪ್ಪ ರಂಗದ ಮೇಲೆ ಎತ್ತಿ ಎಸೆಯುತ್ತಿದ್ದ. ಹಿಡಿದೆತ್ತಲು ಅನುಕೂಲವಾಗಲಿ ಅಂತ ಅವನ ಅಂಗಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು! ಬಿದ್ದ ಮೇಲೆ ತಾನೂ ನಕ್ಕರೆ ಜನ ನಗುವುದಿಲ್ಲ, ಏನೂ ಆಗದವನ ಹಾಗೆ ನಿಂತರೆ ಜಾಸ್ತಿ ನಗುತ್ತಾರೆ. ಆ ಗುಟ್ಟು ಅವನಿಗೆ ಸಿಕ್ಕಿದ್ದು ಅಲ್ಲೇ.

1917ರಲ್ಲಿ ರಾಸ್ಕೋ ಆರ್ಬಕಲ್ ಅನ್ನೋ ಹಾಸ್ಯನಟನ ಜೊತೆ ಸಿನಿಮಾಕ್ಕೆ ಬಂದ. ಬಂದವನೇ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಲು ಹೊರಟ. ಮುಂದೆ ತನ್ನದೇ ತಂಡ ಕಟ್ಟಿದ. ಬರೆದಿಟ್ಟ ಸ್ಕ್ರಿಪ್ಟ್ ಇರುತ್ತಿರಲಿಲ್ಲ. ಏನೂ ಹೊಳೆಯದಿದ್ದರೆ ಎಲ್ಲರೂ ಬೇಸ್‌ಬಾಲ್ ಆಡುತ್ತಿದ್ದರು, ಹೊಳೆದ ಕೂಡಲೇ ಶೂಟಿಂಗ್. ಆ ತಂಡ ಮಾಡಿದ ಕೆಲಸ ನೋಡು. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ. ಗೋಡೆಯಲ್ಲಿದ್ದ ತೆರೆದ ಕಿಟಕಿಯೊಂದು ಸರಿಯಾಗಿ ಅವನ ಮೈ ದಾಟಿ ಹೋಗುತ್ತದೆ, ಅವನು ನಿಂತಲ್ಲೇ ನಿಂತಿರುತ್ತಾನೆ. ಅದು ನಿಜವಾದ ಭಾರದ ಗೋಡೆ. ಕೆಲವೇ ಅಂಗುಲ ಆಚೀಚೆ ಆಗಿದ್ದರೂ ಮುಗಿದೇ ಹೋಗುತ್ತಿತ್ತು. 'ಶರ್ಲಾಕ್ ಜೂನಿಯರ್' ಮಾಡುವಾಗ ಕತ್ತಿನ ಮೂಳೆ ಮುರಿದಿದ್ದು ಅವನಿಗೆ ಗೊತ್ತಾಗಿದ್ದೇ ಎಷ್ಟೋ ವರ್ಷಗಳ ನಂತರ!

ಇಷ್ಟೆಲ್ಲ ಬಿದ್ದರೂ ಎದ್ದವನು ಸೋತಿದ್ದು ಒಂದು ಸಹಿಯಿಂದ. 1928ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಎಂಜಿಎಂ ಅನ್ನೋ ದೊಡ್ಡ ಸ್ಟುಡಿಯೋ ಸೇರಿದ. ಅಲ್ಲಿ ಸ್ಕ್ರಿಪ್ಟ್ ಬೇರೆಯವರದು, ತೀರ್ಮಾನವೂ ಬೇರೆಯವರದು. ಅದೇ ತನ್ನ ಬದುಕಿನ ದೊಡ್ಡ ತಪ್ಪು ಅಂತ ಆಮೇಲೆ ಅವನೇ ಹೇಳಿಕೊಂಡ. ಕುಡಿತ ಹೆಚ್ಚಿತು, ಮದುವೆ ಮುರಿಯಿತು, ಕೆಲಸ ಹೋಯಿತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. 1940ರಲ್ಲಿ ಎಲಿನಾರ್ ನಾರಿಸ್ ಅವನನ್ನು ಮದುವೆಯಾದಳು, ಕೊನೆಯವರೆಗೂ ಜೊತೆಗಿದ್ದಳು. ನಿಧಾನಕ್ಕೆ ಹಳೆಯ ಚಿತ್ರಗಳು ಮತ್ತೆ ಪರದೆಗೆ ಬಂದವು. 1966ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಜನ ಅವನನ್ನು ಮತ್ತೆ ಹುಡುಕಿಕೊಂಡಿದ್ದರು. ನನಗೆ ಅದೊಂದೇ ಸಮಾಧಾನ.

ಮೊದಲು 1926ರ 'ದಿ ಜನರಲ್' ನೋಡು. ಬಿಡುಗಡೆಯಾದಾಗ ಓಡದ ಚಿತ್ರ ಅದು. ಅದರಲ್ಲಿ ನಿಜವಾದ ರೈಲು ಎಂಜಿನ್ನೇ ಉರಿಯುವ ಸೇತುವೆಯಿಂದ ನದಿಗೆ ಬೀಳುತ್ತದೆ. ಆದರೆ ನನಗೆ ಇಷ್ಟವಾದದ್ದು ಅದಲ್ಲ. ಹುಡುಗಿ ಬೇಡ ಅಂದ ಮೇಲೆ ಅವನು ಎಂಜಿನ್ ಚಕ್ರದ ಪಕ್ಕದ ಸರಳಿನ ಮೇಲೆ ಕೂರುತ್ತಾನೆ. ರೈಲು ಹೊರಡುತ್ತದೆ. ಸರಳು ಅವನನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತದೆ, ಅವನಿಗೆ ಗೊತ್ತೇ ಆಗುವುದಿಲ್ಲ. ಆಗ ಅವನ ಮುಖ ನೋಡು. ನೋಡಿ ನನಗೆ ಬರೆ.

ನಿನ್ನವ